ಊರಿನಲ್ಲಿರುವ ಹಿರಿಯರ ಮೊಬೈಲ್‌ಗೆ ಯಾವ ರೀಚಾರ್ಜ್ ಸೂಕ್ತ?

1939ರ ಈಚಲು ಮರ ಸತ್ಯಾಗ್ರಹದಿಂದ ಹೆಸರಾದ ತುರುವನೂರು ಚಿತ್ರದುರ್ಗ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಅಲ್ಲಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಾಗಲಿ ತಂದೆ-ತಾಯಿಯ ಮೊಬೈಲ್‌ಗೆ ಹಣ ತುಂಬುವವರು ಹೆಚ್ಚಾಗಿ ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ ನೆಲೆಸಿರುವ ಮಕ್ಕಳು. ತಾವು ಬಳಸುವ ಯೋಜನೆಯನ್ನೇ ಊರಿನವರಿಗೂ ಹಾಕಿಸಿಬಿಡುವುದು ರೂಢಿ. ಕರೆ ಸ್ವೀಕರಿಸಲಷ್ಟೇ ಬಳಕೆಯಾಗುವ ಕೀಪ್ಯಾಡ್ ಫೋನಿಗೆ ದಿನಕ್ಕೆ ಒಂದೂವರೆ ಜಿಬಿ ಡೇಟಾ ತುಂಬಿಸಿದರೆ ಅದು ರಾತ್ರಿ ಹನ್ನೆರಡಕ್ಕೆ ಹಾಗೆಯೇ ವ್ಯರ್ಥವಾಗುತ್ತದೆ.

ಮೊದಲು ಲೆಕ್ಕ ನೋಡೋಣ. 28 ದಿನಗಳ ಯೋಜನೆ ಹಾಕಿಸುವವರು ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಬಾರಿ ಹಣ ತೆರಬೇಕಾಗುತ್ತದೆ. 2024ರ ಜುಲೈ ತಿಂಗಳಲ್ಲಿ ಖಾಸಗಿ ಕಂಪೆನಿಗಳು ದರ ಏರಿಸಿದಾಗ ಜಿಯೋದ ದಿನಕ್ಕೆ ಒಂದೂವರೆ ಜಿಬಿ ಯೋಜನೆ 239ರಿಂದ 299 ರೂಪಾಯಿಗೆ ಏರಿತು. ಆ ದರದಲ್ಲಿ ಹದಿಮೂರು ಬಾರಿಗೆ 3,887 ರೂಪಾಯಿ. ತಿಂಗಳ ಲೆಕ್ಕ ತಪ್ಪಿಸುವ ಈ 28 ದಿನಗಳ ಪದ್ಧತಿಯ ಬಗ್ಗೆ ದೂರುಗಳು ಬಂದ ಮೇಲೆ, ಪ್ರತಿ ಕಂಪೆನಿಯೂ 30 ದಿನಗಳ ಯೋಜನೆಯನ್ನೂ ಪ್ರತಿ ತಿಂಗಳು ಅದೇ ದಿನಾಂಕಕ್ಕೆ ನವೀಕರಣವಾಗುವ ಯೋಜನೆಯನ್ನೂ ಕನಿಷ್ಠ ಒಂದೊಂದರಂತೆ ನೀಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2022ರ ಜನವರಿಯಲ್ಲಿ ಆದೇಶಿಸಿತು.

ಹಿರಿಯರಿಗೆ ಹೆಚ್ಚು ಪ್ರಯೋಜನಕರವಾದದ್ದು ಇನ್ನೊಂದು ನಿಯಮ. ಕರೆ ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರ ಸೀಮಿತವಾದ, ಡೇಟಾ ಇಲ್ಲದ ಯೋಜನೆ ಕಡ್ಡಾಯವಾಗಿ ಇರಬೇಕೆಂದೂ ವಿಶೇಷ ವೋಚರ್‌ಗಳ ಅವಧಿ 90ರ ಬದಲು 365 ದಿನಗಳವರೆಗೂ ಇರಬಹುದೆಂದೂ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ತಿದ್ದುಪಡಿ ತಂದಿತು. ಅದರಂತೆ 2025ರ ಜನವರಿಯಲ್ಲಿ ಏರ್‌ಟೆಲ್ 84 ದಿನಗಳಿಗೆ 469 ಹಾಗೂ 365 ದಿನಗಳಿಗೆ 1,849 ರೂಪಾಯಿ, ಜಿಯೋ 84 ದಿನಗಳಿಗೆ 448 ಹಾಗೂ 336 ದಿನಗಳಿಗೆ 1,748 ರೂಪಾಯಿ ನಿಗದಿಪಡಿಸಿದವು. ಜಿಯೋ ಮೊದಲು ಪ್ರಕಟಿಸಿದ್ದು 365 ದಿನಗಳಿಗೆ 1,958 ರೂಪಾಯಿ. ಕೆಲವೇ ದಿನಗಳಲ್ಲಿ ಬೆಲೆ 210 ರೂಪಾಯಿ ಇಳಿಯಿತು, ಜೊತೆಗೆ ದಿನಗಳೂ 29 ಕಡಿಮೆಯಾದವು! ದಿನದ ಲೆಕ್ಕದಲ್ಲಿ ಇಳಿದದ್ದು ಸುಮಾರು 16 ಪೈಸೆ ಮಾತ್ರ. ದರಗಳು ಮತ್ತೆ ಬದಲಾಗುತ್ತವೆ. ಆದರೆ ಬೆಲೆಯನ್ನು ದಿನಗಳಿಂದ ಭಾಗಿಸಿ ನೋಡುವ ಕ್ರಮ ಯಾವ ದರಕ್ಕೂ ಸಲ್ಲುತ್ತದೆ.

ಡೇಟಾ ಇಲ್ಲವೆಂದರೆ ಬ್ಯಾಂಕ್ ವ್ಯವಹಾರ ನಿಂತೀತೆಂದು ಹೆದರಬೇಕಿಲ್ಲ. ಒಟಿಪಿ ಬರುವುದು ಎಸ್ಸೆಮ್ಮೆಸ್ ಮೂಲಕ. ಇಂಟರ್‌ನೆಟ್ ಇಲ್ಲದೆಯೇ ಹಣ ಕಳುಹಿಸಲು *99# ಸೇವೆಯಿದೆ. ಕೀಪ್ಯಾಡ್ ಫೋನುಗಳಿಗಾಗಿಯೇ ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಆರಂಭಿಸಿತು. ಆದರೆ ಒಂದು ತೊಡಕಿದೆ: ಜಿಯೋಗೆ 2ಜಿ ಜಾಲವೇ ಇಲ್ಲವಾದ್ದರಿಂದ ಹಳೆಯ 2ಜಿ ಕೀಪ್ಯಾಡ್ ಫೋನಿನಲ್ಲಿ ಅದರ ಸಿಮ್ ಕೆಲಸ ಮಾಡದು.

ರೀಚಾರ್ಜ್ ಮರೆತರೆ ಆಗುವ ನಷ್ಟ ಮಾತ್ರ ದೊಡ್ಡದು. ಬಳಕೆಯಿಲ್ಲವೆಂಬ ಕಾರಣಕ್ಕೆ 90 ದಿನಗಳೊಳಗೆ ಸಂಪರ್ಕ ಕಡಿತಗೊಳಿಸುವಂತಿಲ್ಲ, ಖಾತೆಯಲ್ಲಿ 20 ರೂಪಾಯಿ ಉಳಿದಿದ್ದರೆ ಆನಂತರವೂ ಕಡಿತಗೊಳಿಸುವಂತಿಲ್ಲ ಎಂಬುದು 2013ರ ನಿಯಮ. ಸಂಖ್ಯೆ ಉಳಿಯುವುದು ಬೇರೆ, ಕರೆ ಬರುವುದು ಬೇರೆ ಎಂಬುದನ್ನು ಗಮನಿಸಬೇಕು. ಕಡಿತಗೊಂಡ ಸಂಖ್ಯೆ 90 ದಿನಗಳ ಬಳಿಕ ಅಪರಿಚಿತರ ಪಾಲಾಗಬಹುದು. ಆಧಾರ್, ಬ್ಯಾಂಕ್ ಖಾತೆ, ಪಿಂಚಣಿ ಎಲ್ಲವೂ ಆ ಸಂಖ್ಯೆಗೇ ಜೋಡಣೆಯಾಗಿದ್ದರೆ ವಯಸ್ಸಾದವರು ಪಡುವ ಪಾಡನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಊರಿನವರಿಗೆ ಸಾಧ್ಯವಾದಷ್ಟು ದೀರ್ಘ ಅವಧಿಯ ಯೋಜನೆಯೇ ಕ್ಷೇಮ.

ಬೆಲೆಗಿಂತ ಮೊದಲು ಸಿಗ್ನಲ್. ಎಲ್ಲೆಲ್ಲಿ ಯಾವ ಸೇವೆ ದೊರೆಯುತ್ತದೆಂಬ ನಕ್ಷೆಯನ್ನು ಕಂಪೆನಿಗಳು 2025ರ ಏಪ್ರಿಲ್ 1ರೊಳಗೆ ತಮ್ಮ ಜಾಲತಾಣಗಳಲ್ಲಿ ಪ್ರಕಟಿಸಬೇಕೆಂದು ಟ್ರಾಯ್ ವಿಧಿಸಿತ್ತು. ಊರಿನ ಹೆಸರು ಹಾಕಿ ನೋಡುವುದು ಒಳ್ಳೆಯದು. ಮನೆಯೊಳಗೂ ಹೊಲದಲ್ಲೂ ಯಾವ ಸಿಮ್ ಕೇಳಿಸುತ್ತದೆಂದು ನೆರೆಯವರನ್ನು ವಿಚಾರಿಸುವುದು ಇನ್ನೂ ಒಳ್ಳೆಯದು. ಬಿಎಸ್‌ಎನ್‌ಎಲ್ 2024ರ ಜುಲೈನಲ್ಲಿ ದರ ಏರಿಸಲಿಲ್ಲ. ಅದರ ಸ್ವದೇಶಿ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಗೊಂಡಿತು. ಆದರೆ ಊರಿನ ಗೋಪುರ 4ಜಿಗೆ ಬದಲಾಗಿದೆಯೇ ಎಂದು ತಿಳಿದುಕೊಂಡೇ ಮುಂದುವರಿಯಬೇಕು.

ಸಂಖ್ಯೆ ಬದಲಿಸದೆ ಕಂಪೆನಿ ಬದಲಿಸುವ ಸೌಲಭ್ಯ 2011ರ ಜನವರಿ 20ರಿಂದ ದೇಶದಾದ್ಯಂತ ಇದೆ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಮೊಬೈಲ್ ಸಂಖ್ಯೆ ಸೇರಿಸಿ 1900ಕ್ಕೆ ಕಳುಹಿಸಿದರೆ ಸಂಕೇತ ಬರುತ್ತದೆ. ಕರ್ನಾಟಕದಲ್ಲಿ ಅದಕ್ಕೆ ನಾಲ್ಕು ದಿನಗಳ ಆಯುಷ್ಯ. ಈಗಿರುವ ಕಂಪೆನಿಯಲ್ಲಿ 90 ದಿನ ಪೂರೈಸಿರಬೇಕು. ಸಿಮ್ ಬದಲಾಯಿಸಿದ ಏಳು ದಿನಗಳೊಳಗೆ ಸಂಕೇತ ಕೊಡುವುದಿಲ್ಲವೆಂಬ ನಿಯಮ 2024ರ ಜುಲೈ 1ರಿಂದ ಜಾರಿಗೆ ಬಂದಿತು. ಇದು ವಂಚನೆ ತಡೆಯಲು.

ಹಿರಿಯರು ಸ್ಮಾರ್ಟ್‌ಫೋನ್ ಬಯಸಿದರೆ 5ಜಿ ಎಂಬ ಪದಕ್ಕೆ ಮರುಳಾಗಬೇಕಿಲ್ಲ. 2024ರ ಪರಿಷ್ಕರಣೆಯಲ್ಲಿ ಜಿಯೋ ಮಿತಿಯಿಲ್ಲದ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಅದಕ್ಕೆ ಮೇಲ್ಪಟ್ಟ ಯೋಜನೆಗಳಿಗೆ ಸೀಮಿತಗೊಳಿಸಿತು. ಊರಿನಲ್ಲಿ 5ಜಿ ಇಲ್ಲದಿದ್ದರೆ ಆ ಹೆಚ್ಚುವರಿ ಹಣ ನಷ್ಟವೇ. ಅದಕ್ಕಿಂತ ವೋಲ್ಟ್ ಕರೆ ಸೌಲಭ್ಯ, ಜೋರಾದ ಸ್ಪೀಕರ್, ಇನ್ನೆಷ್ಟು ವರ್ಷ ಭದ್ರತಾ ಅಪ್‌ಡೇಟ್ ದೊರೆಯುತ್ತದೆ ಎಂಬುದನ್ನು ನೋಡಬೇಕು. ಆಂಡ್ರಾಯ್ಡ್ ಕಿಟ್‌ಕ್ಯಾಟ್ ಫೋನುಗಳಿಗೆ ವಾಟ್ಸಾಪ್ 2025ರ ಜನವರಿ 1ರಿಂದ ಬೆಂಬಲ ನಿಲ್ಲಿಸಿತು. ಹಳೆಯ ಫೋನು ಕೊಳ್ಳುವುದಾದರೆ *#06# ಒತ್ತಿದಾಗ ಕಾಣುವ ಐಎಂಇಐ ಸಂಖ್ಯೆಯನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ಪರಿಶೀಲಿಸಿದರೆ ಅದು ಕಳವಿನ ಮಾಲೆಂದು ತಡೆಹಿಡಿಯಲ್ಪಟ್ಟಿದೆಯೇ ಎಂಬುದು ಹಣ ಕೊಡುವ ಮೊದಲೇ ತಿಳಿಯುತ್ತದೆ.