ಆಳವೊಂದಿದ್ದರೆ ಸಾಲದು: ಕಂಟೇನರ್ ಬಂದರುಗಳ ಪೈಪೋಟಿ

1956ರಲ್ಲಿ ಅಮೆರಿಕದ ನ್ಯೂಆರ್ಕ್‌ನಿಂದ ಹ್ಯೂಸ್ಟನ್ನಿಗೆ ಹೊರಟ ‘ಐಡಿಯಲ್ ಎಕ್ಸ್’ ಹಡಗು ಹೊತ್ತದ್ದು 58 ಕಂಟೇನರ್. ಇಂದಿನ ಅತಿ ದೊಡ್ಡ ಹಡಗುಗಳು ಇಪ್ಪತ್ತಡಿಯ ಕಂಟೇನರ್ ಲೆಕ್ಕದಲ್ಲಿ 24,000ದಷ್ಟು ಹೊರುತ್ತವೆ. ಇಂಥ ಹಡಗನ್ನು ಬಂದರು ಬಂದರಿಗೂ ತಂದು ನಿಲ್ಲಿಸಿದರೆ ಕಂಪನಿಗೆ ಗಿಟ್ಟುವುದಿಲ್ಲ. ಆದ್ದರಿಂದ ಅದು ಕೆಲವೇ ಕೇಂದ್ರ ಬಂದರುಗಳಲ್ಲಿ ನಿಲ್ಲುತ್ತದೆ. ಉಳಿದ ಊರುಗಳ ಸರಕು ಫೀಡರ್ ಎಂಬ ಸಣ್ಣ ಹಡಗುಗಳಲ್ಲಿ ಬಂದು ಹೋಗುತ್ತದೆ. ದಕ್ಷಿಣ ಏಷ್ಯಾದಲ್ಲಿ ಈ ಕೆಲಸ ಬಹುಕಾಲದಿಂದ ಕೊಲಂಬೊದ ಪಾಲಿನದು. ನವಮಂಗಳೂರು ಬಂದರಿನಿಂದ ಹೊರಡುವ ಕಾಫಿಯ ಎಷ್ಟೋ ಕಂಟೇನರ್‌ಗಳೂ ಅಲ್ಲಿ ಹಡಗು ಬದಲಿಸಿ ಮುಂದೆ ಸಾಗಿವೆ.

ಭಾರತದ ಸರಕು ಪರದೇಶದ ಬಂದರು ಹಾಯುವುದೇಕೆ ಎಂದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ನಮ್ಮಲ್ಲಿ ಆಳವಿಲ್ಲ, ನಮ್ಮ ಕಾನೂನು ಅಡ್ಡಿ. ಎರಡರಲ್ಲೂ ಹುರುಳಿದೆ. 2011ರಲ್ಲಿ ಉದ್ಘಾಟನೆಯಾದ ಕೊಚ್ಚಿಯ ವಲ್ಲಾರ್‌ಪಾಡಂ ಟರ್ಮಿನಲ್ಲಿಗೆ ಸುಮಾರು ಹದಿನಾಲ್ಕೂವರೆ ಮೀಟರ್ ಆಳ ಉಳಿಸಿಕೊಳ್ಳಲು ಸದಾ ಹೂಳೆತ್ತಬೇಕು. ಕೊಲಂಬೊ 2013ರಲ್ಲಿ 18 ಮೀಟರ್ ಆಳದ ಹೊಸ ಟರ್ಮಿನಲ್ಲನ್ನೇ ತೆರೆಯಿತು. ಆದರೆ ವಿದೇಶಿ ಹಡಗುಗಳು ಭಾರತದ ಒಂದು ಬಂದರಿನಿಂದ ಇನ್ನೊಂದಕ್ಕೆ ಸರಕು ಒಯ್ಯದಂತೆ ತಡೆದಿದ್ದ ನಿಯಮವನ್ನು 2012ರಲ್ಲಿ ವಲ್ಲಾರ್‌ಪಾಡಂಗೆ, 2018ರಲ್ಲಿ ದೇಶಕ್ಕೆಲ್ಲ ಸಡಿಲಿಸಿದ ಮೇಲೂ ಕೊಲಂಬೊದ ವ್ಯವಹಾರ ಕುಗ್ಗಲಿಲ್ಲ. ಕಾನೂನು ಬಾಗಿಲು ತೆರೆದೀತು, ಹಡಗನ್ನು ಎಳೆದು ತರಲಾರದು.

ಹಡಗನ್ನು ಎಳೆಯುವುದು ಯಾವುದೆಂದು ಮಲಕ್ಕಾ ಜಲಸಂಧಿಯ ಬಾಯಲ್ಲಿ ನೋಡಬಹುದು. ಸಿಂಗಾಪುರದ ಪಕ್ಕದಲ್ಲೇ ಮಲೇಷ್ಯಾ ತಾಂಜುಂಗ್ ಪೆಲೆಪಾಸ್ ಬಂದರು ಕಟ್ಟಿತು. ಕಡಿಮೆ ದರದ ಜೊತೆಗೆ ಬಂದರಿನಲ್ಲೇ ಪಾಲು ಸಿಕ್ಕಿದ್ದರಿಂದ ಹಡಗು ಕಂಪನಿ ಮಾರ್ಸ್ಕ್ 2000ದಲ್ಲಿ ಸಿಂಗಾಪುರದಿಂದ ಅಲ್ಲಿಗೆ ಹೋಯಿತು. 2002ರಲ್ಲಿ ಎವರ್‌ಗ್ರೀನ್ ಹಿಂಬಾಲಿಸಿತು. ಇದ್ದ ಜಾಗ ಹೆಚ್ಚುಕಡಿಮೆ ಒಂದೇ, ಗೆದ್ದದ್ದು ಒಪ್ಪಂದ. ಹಾಗಾದರೆ ದರ ಇಳಿಸಿದವರಿಗೇ ಗೆಲುವೇ? ಹಾಗಿದ್ದರೆ ಸಿಂಗಾಪುರ ಬರಿದಾಗಬೇಕಿತ್ತು. ಅದು ಇಂದಿಗೂ ಜಗತ್ತಿನ ಎರಡನೆಯ ಅತಿ ದೊಡ್ಡ ಕಂಟೇನರ್ ಬಂದರು. ಕಾರಣ ಸಂಪರ್ಕ. ಕೇಂದ್ರ ಬಂದರಿನಲ್ಲಿ ಒಂದು ಕಂಟೇನರನ್ನು ಕ್ರೇನ್ ಎರಡು ಸಲ ಎತ್ತುತ್ತದೆ: ಫೀಡರಿನಿಂದ ಇಳಿಸಿ ಯಾರ್ಡಿಗೆ, ಯಾರ್ಡಿನಿಂದ ದೊಡ್ಡ ಹಡಗಿಗೆ. ಈ ನಡುವೆ ಹಡಗು ತಪ್ಪಿತೋ, ವಾರಕ್ಕೊಮ್ಮೆ ಬರುವ ಮುಂದಿನ ಹಡಗಿಗೆ ಕಾಯಬೇಕು. ಕ್ರೇನ್ ದರದಲ್ಲಿ ಉಳಿದ ಹಣ ಆ ಕಾಯುವಿಕೆಯಲ್ಲೇ ಕರಗುತ್ತದೆ. ದಿನವೂ ಹತ್ತಾರು ದಿಕ್ಕಿಗೆ ಹಡಗು ಹೊರಡುವಲ್ಲಿ ಆ ಭಯ ಕಡಿಮೆ.

2024ರಲ್ಲಿ ಕೆಲಸ ಆರಂಭಿಸಿದ ಕೇರಳದ ವಿಳಿಂಞಂ ಬಂದರನ್ನೂ ಇದೇ ಅಳತೆಯಲ್ಲಿ ನೋಡಬೇಕು. ಅದಕ್ಕೆ 18 ಮೀಟರಿಗೂ ಮಿಕ್ಕ ಸಹಜ ಆಳವಿದೆ, ಅಂತರರಾಷ್ಟ್ರೀಯ ಹಡಗು ಮಾರ್ಗ ಸುಮಾರು ಹತ್ತು ನಾಟಿಕಲ್ ಮೈಲಿಯಲ್ಲಿದೆ, ಎಂಎಸ್‌ಸಿಯಂಥ ದೈತ್ಯ ಕಂಪನಿಯ ಹಡಗುಗಳು ಬರುತ್ತಿವೆ. ಇಷ್ಟಾದ ಮೇಲೆ ಇನ್ನೇನು ಬೇಕು ಎನ್ನುವವರು ಮಲಕ್ಕಾದ ಇನ್ನೊಂದು ಪಾಠ ಮರೆಯಬಾರದು: ಒಪ್ಪಂದಕ್ಕೆ ಬಂದ ಕಂಪನಿ ಇನ್ನೂ ಒಳ್ಳೆಯ ಒಪ್ಪಂದ ಸಿಕ್ಕರೆ ಹೊರಡುತ್ತದೆ. ಒಂದೇ ಕಂಪನಿಯನ್ನು ನೆಚ್ಚಿದ ಬಂದರಿಗೆ ಈ ಅಪಾಯ ಹೆಚ್ಚು. ಆದ್ದರಿಂದ ಮುಂದಿನ ಹಣವನ್ನು ಧಕ್ಕೆ ಉದ್ದ ಮಾಡುವುದಕ್ಕಷ್ಟೇ ಸುರಿಯದೆ, ಮಂಗಳೂರು, ತೂತುಕುಡಿ, ಚೆನ್ನೈಗಳಿಂದ ನಿಗದಿತ ದಿನಕ್ಕೆ ತಪ್ಪದೆ ಓಡುವ ಫೀಡರ್‌ಗಳಿಗೂ ಕೊಡಬೇಕು. ಅವು ಹೆಚ್ಚಿದಂತೆ ಎರಡನೆಯ, ಮೂರನೆಯ ಕಂಪನಿಗೂ ಬರಲು ಕಾರಣ ಹುಟ್ಟುತ್ತದೆ, ಮೊದಲನೆಯದಕ್ಕೆ ಬಿಟ್ಟು ಹೋಗುವುದು ದುಬಾರಿಯಾಗುತ್ತದೆ.