ಹಳೆಯ ಪ್ರೋಗ್ರಾಂ, ಹೊಸ ನಿಯಂತ್ರಕ: ಸಿಎನ್‌ಸಿ ಲೇತ್‌ನ ಭಾಷೆ ಬೆಳೆದ ಬಗೆ

1952ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಾಲಯವೊಂದು ಅಂಕೆಗಳ ಆಣತಿಯಂತೆ ನಡೆಯುವ ಮಿಲ್ಲಿಂಗ್ ಯಂತ್ರವನ್ನು ಪ್ರದರ್ಶಿಸಿದಾಗ, ಆ ಆಣತಿಗಳು ರಂಧ್ರ ಕೊರೆದ ಪಟ್ಟಿಯ ಮೇಲಿದ್ದವು. ಪಟ್ಟಿ ಕಣ್ಮರೆಯಾದ ಮೇಲೂ ಅದರ ಅಳತೆ ಉಳಿದುಕೊಂಡಿತು. ಅಂಗುಲಕ್ಕೆ ಹತ್ತು ಅಕ್ಷರದ ಲೆಕ್ಕದಲ್ಲಿ 80 ಮೀಟರ್ ಪಟ್ಟಿಯೆಂದರೆ ಸುಮಾರು 32 ಕಿಲೋಬೈಟ್ ಆಗುವುದರಿಂದ, ಫ್ಯಾನುಕ್ ಕಂಪನಿಯ ನಿಯಂತ್ರಕಗಳ ಸ್ಮೃತಿಯನ್ನು ಬಹುಕಾಲ ಮೀಟರುಗಳಲ್ಲೇ ಹೇಳಲಾಗುತ್ತಿತ್ತು.

ಅಮೆರಿಕದ ಆರ್‌ಎಸ್-274-ಡಿ, ಅದರ ಹಿಂದೆಯೇ 1982ರಲ್ಲಿ ಬಂದ ಐಎಸ್‌ಒ 6983 ಎಂಬ ಮಾನಕಗಳು ಆಣತಿಯ ವ್ಯಾಕರಣವನ್ನು ಗೊತ್ತುಪಡಿಸಿದವಾದರೂ, ಎಷ್ಟೋ ಜಿ ಸಂಕೇತಗಳ ಅರ್ಥವನ್ನು ತಯಾರಕರ ಇಚ್ಛೆಗೇ ಬಿಟ್ಟವು. ಫ್ಯಾನುಕ್ ಲೇತ್‌ಗಳಲ್ಲಿ ಎ, ಬಿ, ಸಿ ಎಂಬ ಮೂರು ಸಂಕೇತ ಪದ್ಧತಿಗಳು ಇಂದಿಗೂ ಜೊತೆಜೊತೆಗೆ ಇರುವುದು ಇದರ ಫಲ. ಎ ಪದ್ಧತಿಯಲ್ಲಿ ಜಿ92 ಎಂದರೆ ಥ್ರೆಡ್ ಕತ್ತರಿಸುವ ಆವರ್ತ; ಬಿ ಪದ್ಧತಿಯಲ್ಲಿ ಅದೇ ಸಂಕೇತ ನಿರ್ದೇಶಾಂಕವನ್ನು ಹೊಸದಾಗಿ ನೆಲೆಗೊಳಿಸುತ್ತದೆ. ಹೀಗಾಗಿ ಎ ಪದ್ಧತಿಗೆ ಬರೆದ ಥ್ರೆಡ್ ಸಾಲನ್ನು ಬಿ ಪದ್ಧತಿಯ ಯಂತ್ರಕ್ಕೆ ಕೊಟ್ಟರೆ ಟೂಲ್ ಕದಲುವುದಿಲ್ಲ, ಆದರೆ ಅದು ಎಲ್ಲಿದೆಯೆಂಬ ಯಂತ್ರದ ತಿಳಿವಳಿಕೆ ಸದ್ದಿಲ್ಲದೆ ಪಲ್ಲಟವಾಗಿ, ಮುಂದಿನ ವೇಗದ ಚಲನೆಯಲ್ಲಿ ಟೂಲ್ ಚಕ್ಕಿಗೆ ಅಪ್ಪಳಿಸಬಹುದು. ಅಲಾರಂ ಕೊಟ್ಟು ನಿಲ್ಲುವ ಪ್ರೋಗ್ರಾಂಗಿಂತ ಹೀಗೆ ನಿಲ್ಲದೆ ಓಡುವ ಪ್ರೋಗ್ರಾಂ ಹೆಚ್ಚು ಅಪಾಯಕಾರಿ.

ಹಳಬರಿಗೂ ಹೊಸಬರಿಗೂ ಅತಿ ಹೆಚ್ಚು ತೊಡಕೊಡ್ಡುವುದು ಜಿ71, ಅಂದರೆ ಒರಟು ಟರ್ನಿಂಗ್‌ನ ಆವರ್ತ. ಫ್ಯಾನುಕ್‌ನ 10 ಮತ್ತು 11ನೇ ಸರಣಿಗಳಲ್ಲಿ ಇದನ್ನು ಒಂದೇ ಸಾಲಿನಲ್ಲಿ ಬರೆಯಲಾಗುತ್ತಿತ್ತು. ಕಡಿತದ ಆಳವನ್ನು ಡಿ ಅಕ್ಷರ ಹೇಳುತ್ತಿದ್ದು, ದಶಮಾಂಶ ಬಿಂದುವಿಲ್ಲದ ಡಿ2000 ಎಂದರೆ 2 ಮಿಲಿಮೀಟರ್. 0 ಸರಣಿಯ ರೂಪವನ್ನೇ ಮುಂದುವರಿಸಿದ 0ಐ ನಿಯಂತ್ರಕಗಳು ಎರಡು ಸಾಲು ಕೇಳುತ್ತವೆ: ಮೊದಲ ಸಾಲಿನ ಯು ಕಡಿತದ ಆಳ, ಎರಡನೆಯ ಸಾಲಿನ ಯು ಅಂತಿಮ ಕೆಲಸಕ್ಕೆ ಉಳಿಸುವ ಲೋಹ. ಒಂದೇ ಅಕ್ಷರಕ್ಕೆ ಅಕ್ಕಪಕ್ಕದ ಸಾಲುಗಳಲ್ಲೇ ಎರಡು ಅರ್ಥ! ನಿಯಂತ್ರಕದ ನಡವಳಿಕೆಯನ್ನು ಗೊತ್ತುಮಾಡುವ ಒಳಗಿನ ಮೌಲ್ಯಗಳಿಗೆ ಪ್ಯಾರಾಮೀಟರ್ ಎನ್ನುತ್ತಾರೆ. ಅವುಗಳಲ್ಲಿ 0001ನೆಯದರ ಎಫ್‌ಸಿವಿ ಬಿಟ್ ಅನ್ನು 1 ಮಾಡಿದರೆ ಹೊಸ ಯಂತ್ರವೂ ಹಳೆಯ ಸರಣಿಯ ರೂಪವನ್ನು ಓದುತ್ತದೆ. ಆದರೆ ಅದೇ ಯಂತ್ರಕ್ಕೆಂದು ಎರಡು ಸಾಲಿನಲ್ಲಿ ಬರೆದಿಟ್ಟ ಪ್ರೋಗ್ರಾಂಗಳು ಆಗ ಅದಕ್ಕೆ ಅಪರಿಚಿತವಾಗುವುದರಿಂದ, ಎರಡು ತಲೆಮಾರಿನ ಪ್ರೋಗ್ರಾಂಗಳು ಬೆರೆತಿರುವ ಕಾರ್ಖಾನೆಗೆ ಈ ಅನುಕೂಲ ಅರ್ಧ ಪರಿಹಾರವಷ್ಟೇ. ಆವರ್ತಗಳ ಸಾಲುಗಳನ್ನು ಕುಳಿತು ತಿದ್ದುವುದೇ ಲೇಸು.

ದಶಮಾಂಶ ಬಿಂದುವಿನ ಸಮಸ್ಯೆ ನೋಡಲು ಸಣ್ಣದು. ಬಿಂದುವಿಲ್ಲದ ಸಂಖ್ಯೆಯನ್ನು ಹಳೆಯ ರೂಢಿಯಂತೆ ಮೈಕ್ರಾನ್‌ಗಳಲ್ಲಿ ಎಣಿಸಿದರೆ ಡಬ್ಲ್ಯು100 ಎಂದರೆ 0.1 ಮಿಲಿಮೀಟರ್, 3401ನೇ ಪ್ಯಾರಾಮೀಟರನ್ನು ಕ್ಯಾಲ್ಕುಲೇಟರ್ ಮಾದರಿಗೆ ಬದಲಿಸಿದ್ದರೆ ಅದೇ ಬರಹ 100 ಮಿಲಿಮೀಟರ್ ಆಗುತ್ತದೆ. ಜಿ50ರದು ಇನ್ನೊಂದು ಬಗೆ. ಟೂಲ್‌ಗಳ ಜ್ಯಾಮಿತಿಯನ್ನು ಆಫ್‌ಸೆಟ್ ಪುಟದಲ್ಲಿ ದಾಖಲಿಸುವ ಪದ್ಧತಿ ಹರಡುವ ಮೊದಲು, ಪ್ರತಿ ಟೂಲ್‌ನ ಆರಂಭದಲ್ಲೂ ಜಿ50ರ ಜೊತೆ ಎಕ್ಸ್, ಝಡ್ ಬರೆದು ನಿರ್ದೇಶಾಂಕವನ್ನು ನೆಲೆಗೊಳಿಸಲಾಗುತ್ತಿತ್ತು. ಆ ಸಾಲನ್ನು ಹಾಗೆಯೇ ಉಳಿಸಿ ಜ್ಯಾಮಿತಿ ಆಫ್‌ಸೆಟ್ಟನ್ನೂ ಬಳಸಿದರೆ ಒಂದೇ ಅಂತರ ಎರಡು ಬಾರಿ ಲೆಕ್ಕಕ್ಕೆ ಬರುವ ಸಾಧ್ಯತೆಯಿದೆ. ಸ್ಪಿಂಡಲ್‌ನ ಗರಿಷ್ಠ ವೇಗವನ್ನು ಮಿತಿಗೊಳಿಸುವ ಜಿ50 ಎಸ್ ಸಾಲನ್ನು ಮಾತ್ರ ಎಂದೂ ಅಳಿಸಬಾರದು.

ಹಳೆಯ ಪ್ರೋಗ್ರಾಂ ಹೊಸ ನಿಯಂತ್ರಕಕ್ಕೆ ಹೊಂದುವ ಪ್ರಶ್ನೆಗೆ ಸೀಮೆನ್ಸ್ ಕಂಪನಿ ಬೇರೆ ದಾರಿ ಹಿಡಿಯಿತು: 810ರಂಥ ನಿಯಂತ್ರಕಗಳ ಎಲ್95 ಆವರ್ತ 840ಡಿಯಲ್ಲಿ ಸೈಕಲ್95 ಆಯಿತು, ಜಿ291 ಎಂದು ಬರೆದರೆ ನಿಯಂತ್ರಕ ಫ್ಯಾನುಕ್ ಶೈಲಿಯ ಐಎಸ್‌ಒ ಭಾಷೆಗೂ, ಜಿ290 ಎಂದರೆ ತನ್ನ ಸ್ವಂತ ಭಾಷೆಗೂ ಹೊರಳುತ್ತದೆ. ಬೆಂಗಳೂರಿನ ಪೀಣ್ಯದಂಥ ಕಡೆ, ಹಳೆಯ ಲೇತ್‌ನ ಕೆಲಸವನ್ನು ಹೊಸದಕ್ಕೆ ವರ್ಗಾಯಿಸುವವರಿಗೆ ಈ ಕಂಪನಿಗಳ ಕೈಪಿಡಿಗಳಷ್ಟೇ ಮುಖ್ಯವಾದದ್ದು ಹಳೆಯ ಯಂತ್ರದ ಪ್ಯಾರಾಮೀಟರ್ ಪಟ್ಟಿ. ಪ್ರೋಗ್ರಾಂನಲ್ಲಿ ಬರೆಯದೆ ಬಿಟ್ಟದ್ದೆಲ್ಲ ಅಲ್ಲಿರುವುದರಿಂದ, ಆ ಯಂತ್ರ ಗುಜರಿಗೆ ಹೋಗುವ ಮೊದಲೇ ಅದನ್ನು ಪ್ರತಿ ಮಾಡಿಟ್ಟುಕೊಳ್ಳಬೇಕು.