ಹಿಮ ಉಪಗ್ರಹಗಳಲ್ಲಿ ಜೀವಿಗಳ ಸಾಧ್ಯತೆ

ಗುರು, ಶನಿ ಗ್ರಹಗಳನ್ನು ಸುತ್ತುವ ಕೆಲವು ಉಪಗ್ರಹಗಳ ಮಂಜುಗಡ್ಡೆಯ ಹೊದಿಕೆಯ ಕೆಳಗೆ ನೀರಿನ ಸಾಗರಗಳಿದ್ದು, ಅವುಗಳಲ್ಲಿ ಸೂಕ್ಷ್ಮಜೀವಿಗಳು ಬದುಕಿರಬಹುದು ಎಂಬ ವಿಚಾರ. ಗುರುವಿನ ಯೂರೋಪಾ ಮತ್ತು ಶನಿಯ ಎನ್ಸೆಲಡಸ್ ಈ ಚರ್ಚೆಯ ಕೇಂದ್ರದಲ್ಲಿವೆ. ಗ್ಯಾನಿಮೀಡ್, ಕ್ಯಾಲಿಸ್ಟೊ, ಟೈಟನ್‌ಗಳ ಹೆಸರೂ ಕೇಳಿಬರುತ್ತದೆ. ಈ ವಿಚಾರದ ಇತಿಹಾಸವೆಂದರೆ ಮುಖ್ಯವಾಗಿ ಶಾಖದ ಇತಿಹಾಸ. ಸೂರ್ಯನಿಂದ ಅಷ್ಟು ದೂರದಲ್ಲಿ ನೀರು ಹೆಪ್ಪುಗಟ್ಟದೆ ಉಳಿಯುವುದು ಹೇಗೆ ಎಂಬುದಕ್ಕೆ ಉತ್ತರ ಸಿಕ್ಕ ಮೇಲೆಯೇ ಜೀವಿಗಳ ಮಾತಿಗೆ ಬೆಲೆ ಬಂದದ್ದು.

ಯೂರೋಪಾವನ್ನು ಗೆಲಿಲಿಯೊ 1610ರಲ್ಲಿ, ಎನ್ಸೆಲಡಸ್ಸನ್ನು ವಿಲಿಯಂ ಹರ್ಷಲ್ 1789ರಲ್ಲಿ ಕಂಡುಹಿಡಿದರು. ಆಮೇಲೂ ಬಹುಕಾಲ ಅವು ದೂರದರ್ಶಕದಲ್ಲಿ ಕಾಣುವ ಬೆಳಕಿನ ಚುಕ್ಕೆಗಳಾಗಿಯೇ ಉಳಿದವು. 1950ರ ದಶಕದಲ್ಲಿ ಜೆರಾರ್ಡ್ ಕೈಪರ್ ಅವಗೆಂಪು ಬೆಳಕಿನ ಅಧ್ಯಯನದಿಂದ ಯೂರೋಪಾ ಮತ್ತು ಗ್ಯಾನಿಮೀಡ್‌ಗಳ ಮೇಲೆ ಮಂಜುಗಡ್ಡೆ ಇರಬಹುದೆಂದು ಸೂಚಿಸಿದರು. 1972ರಲ್ಲಿ ಅದು ಖಚಿತವಾಯಿತು. ಗುರುವಿನ ಬಳಿ ಬಿಸಿಲು ಭೂಮಿಯಲ್ಲಿರುವುದರ ಸುಮಾರು 27ನೇ ಒಂದು ಭಾಗ, ಶನಿಯ ಬಳಿ ಸುಮಾರು 90ನೇ ಒಂದು ಭಾಗ ಮಾತ್ರ. ಹೀಗಾಗಿ ಇವು ಒಳಗೂ ಹೊರಗೂ ಸತ್ತ ಹಿಮದ ಉಂಡೆಗಳೆಂಬ ಅಭಿಪ್ರಾಯ ಸಹಜವಾಗಿತ್ತು. ಶಿಲೆಯಲ್ಲಿರುವ ವಿಕಿರಣಶೀಲ ಧಾತುಗಳ ಶಾಖಕ್ಕೆ ಒಳಗಿನ ಮಂಜು ಕರಗಿರಬಹುದೆಂದು 1971ರಲ್ಲಿ ಜಾನ್ ಲೂಯಿಸ್ ವಾದಿಸಿದ್ದು ಈ ನಂಬಿಕೆಗೆ ಬಿದ್ದ ಮೊದಲ ಗಟ್ಟಿ ಪೆಟ್ಟು.

ದಿಕ್ಕು ಬದಲಿಸಿದ ಎರಡು ಘಟನೆಗಳು ಎರಡೇ ವರ್ಷಗಳ ಅಂತರದಲ್ಲಿ ನಡೆದವು. 1977ರಲ್ಲಿ ಗಲಾಪಗೋಸ್ ದ್ವೀಪಗಳ ಸಮೀಪ, ಸುಮಾರು 2,500 ಮೀಟರ್ ಆಳದ ಸಾಗರತಳಕ್ಕೆ ಇಳಿದ ಆಲ್ವಿನ್ ಜಲಾಂತರ್ನೌಕೆಯ ವಿಜ್ಞಾನಿಗಳು ಬಿಸಿನೀರಿನ ಬುಗ್ಗೆಗಳ ಸುತ್ತ ದಟ್ಟ ಜೀವಸಂಕುಲವನ್ನು ಕಂಡರು. ಬೆಳಕೇ ತಲುಪದ ಆ ಕತ್ತಲಲ್ಲಿ ಆಹಾರ ಸರಪಳಿಯ ಬುಡದಲ್ಲಿದ್ದವು, ಬುಗ್ಗೆಯ ರಾಸಾಯನಿಕಗಳಿಂದ ಶಕ್ತಿ ಪಡೆಯುವ ಬ್ಯಾಕ್ಟೀರಿಯಾಗಳು. ಬಿಸಿಲಿಲ್ಲದೆ ಬದುಕಿಲ್ಲ ಎಂಬ ಮಾತು ಅಲ್ಲಿಗೆ ಸಡಿಲಗೊಂಡಿತು.

ಎರಡನೆಯದು 1979ರದು. ಗುರುವಿನ ಉಪಗ್ರಹಗಳಾದ ಅಯೊ, ಯೂರೋಪಾ, ಗ್ಯಾನಿಮೀಡ್‌ಗಳ ಪರಿಭ್ರಮಣ ಕಾಲಗಳು 1:2:4ರ ಅನುಪಾತದಲ್ಲಿವೆ. ಒಂದರ ಸೆಳೆತಕ್ಕೆ ಇನ್ನೊಂದರ ಕಕ್ಷೆ ಪೂರ್ತಿ ವೃತ್ತವಾಗಲಾರದು. ಅದರಿಂದಾಗಿ ಅವು ಗುರುವಿಗೆ ಒಮ್ಮೆ ಹತ್ತಿರ, ಒಮ್ಮೆ ದೂರವಾಗುತ್ತವೆ. ಪ್ರತಿ ಸುತ್ತಿನಲ್ಲೂ ಗುರುವಿನ ಗುರುತ್ವ ಅವುಗಳ ಒಡಲನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ಆ ತಿಕ್ಕಾಟ ಶಾಖವಾಗುತ್ತದೆ. ಇದರಿಂದ ಅಯೊದ ಒಳಭಾಗ ಕರಗಿರಬೇಕೆಂದು ಸ್ಟಾಂಟನ್ ಪೀಲ್, ಪ್ಯಾಟ್ರಿಕ್ ಕ್ಯಾಸೆನ್ ಮತ್ತು ರೇ ರೆನಾಲ್ಡ್ಸ್ ಲೆಕ್ಕ ಹಾಕಿ ಮಾರ್ಚ್ 2ರಂದು ಪ್ರಕಟಿಸಿದರು. ಮೂರು ದಿನಗಳ ನಂತರ ವಾಯೇಜರ್ 1 ನೌಕೆ ಗುರುವನ್ನು ಹಾದುಹೋಯಿತು. ಅದು ಕಳಿಸಿದ ಚಿತ್ರವೊಂದರಲ್ಲಿ, ಅಯೊದ ಅಂಚಿನಾಚೆಗೆ ಚಾಚಿಕೊಂಡಿದ್ದ ಮಸುಕು ಕೊಡೆಯಾಕಾರವನ್ನು ನೌಕೆಯ ಪಥನಿರ್ಣಯ ತಂಡದ ಲಿಂಡಾ ಮೊರಾಬಿಟೊ ಗಮನಿಸಿದರು. ಅದು ಜ್ವಾಲಾಮುಖಿಯ ಉಗುಳು. ಮುನ್ಸೂಚನೆಯೊಂದು ಇಷ್ಟು ಬೇಗ, ಇಷ್ಟು ಸ್ಪಷ್ಟವಾಗಿ ನಿಜವಾದ ನಿದರ್ಶನಗಳು ಖಗೋಳವಿಜ್ಞಾನದಲ್ಲಿ ಕಡಿಮೆ. ಅದೇ ಮೂವರು ಅದೇ ವರ್ಷ ಯೂರೋಪಾದಲ್ಲಿ ದ್ರವನೀರು ಇದೆಯೇ ಎಂಬ ಪ್ರಶ್ನೆಯನ್ನೂ ಎತ್ತಿದರು. 1982ರಲ್ಲಿ ಬಂದ ಆರ್ಥರ್ ಕ್ಲಾರ್ಕ್ ಅವರ ‘2010: ಒಡಿಸ್ಸಿ ಟೂ’ ಕಾದಂಬರಿ ಯೂರೋಪಾದ ಜೀವಿಗಳನ್ನು ಸಾಮಾನ್ಯ ಓದುಗರ ಕಲ್ಪನೆಗೂ ತಂದಿತು.

ಸಾಗರಕ್ಕೆ ಬಲವಾದ ಸಾಕ್ಷ್ಯ ಕೊಟ್ಟದ್ದು 1995ರ ಡಿಸೆಂಬರ್‌ನಲ್ಲಿ ಗುರುವನ್ನು ತಲುಪಿದ ಗೆಲಿಲಿಯೊ ನೌಕೆಯ ಕಾಂತಮಾಪಕ. ಗುರುವಿನ ಕಾಂತ ಅಕ್ಷ ಓರೆಯಾಗಿರುವುದರಿಂದ ಯೂರೋಪಾದ ಮೇಲೆ ಹಾಯುವ ಕಾಂತಕ್ಷೇತ್ರದ ದಿಕ್ಕು ಸುಮಾರು 11 ಗಂಟೆಗಳ ಆವರ್ತದಲ್ಲಿ ಬದಲಾಗುತ್ತಿರುತ್ತದೆ. ಒಳಗೆ ವಿದ್ಯುದ್ವಾಹಕ ಪದರವಿದ್ದರೆ, ಅದರಲ್ಲಿ ಪ್ರೇರಿತವಾಗುವ ಕ್ಷೇತ್ರವೂ ಅದಕ್ಕೆ ತಕ್ಕಂತೆ ತಿರುಗಬೇಕು. 2000ದ ಜನವರಿ 3ರಂದು ನೌಕೆ ಹತ್ತಿರದಿಂದ ಹಾದಾಗ ಮಾರ್ಗರೆಟ್ ಕಿವೆಲ್ಸನ್ ಅವರ ತಂಡ ನಿರೀಕ್ಷಿಸಿದಂತೆಯೇ ದಿಕ್ಕು ತಿರುಗಿತ್ತು. ಮಂಜುಗಡ್ಡೆಗೆ ಇಂಥ ವಾಹಕತೆ ಇಲ್ಲ, ಉಪ್ಪುನೀರಿಗೆ ಇದೆ. ಭೂಮಿಯ ಎಲ್ಲ ಸಾಗರಗಳ ನೀರಿನ ಸುಮಾರು ಎರಡು ಪಟ್ಟು ನೀರು ಯೂರೋಪಾದಲ್ಲಿದೆಯೆಂಬುದು ಇಂದಿನ ಅಂದಾಜು. ಇಂಧನ ಮುಗಿಯುತ್ತ ಬಂದ ಗೆಲಿಲಿಯೊವನ್ನು 2003ರ ಸೆಪ್ಟೆಂಬರ್ 21ರಂದು ಉದ್ದೇಶಪೂರ್ವಕವಾಗಿ ಗುರುವಿನೊಳಗೆ ಬೀಳಿಸಲಾಯಿತು. ಭೂಮಿಯ ಸೂಕ್ಷ್ಮಜೀವಿಗಳು ಯೂರೋಪಾಕ್ಕೆ ಅಂಟಬಾರದು ಎಂಬುದೇ ಕಾರಣ. ಇದೆಯೋ ಇಲ್ಲವೋ ತಿಳಿಯದ ಜೀವಕ್ಕೆ ಮನುಷ್ಯ ತೋರಿದ ಈ ಗೌರವ ನೆನಪಿಡತಕ್ಕದ್ದು. 2017ರಲ್ಲಿ ಕ್ಯಾಸಿನಿ ನೌಕೆಯನ್ನೂ ಇದೇ ಕಾರಣಕ್ಕೆ ಶನಿಯ ವಾತಾವರಣದಲ್ಲಿ ಉರಿಸಲಾಯಿತು.

ಎನ್ಸೆಲಡಸ್‌ನ ಬಗ್ಗೆ ಇಷ್ಟು ನಿರೀಕ್ಷೆ ಇರಲಿಲ್ಲ. ಅದರ ವ್ಯಾಸ ಸುಮಾರು 500 ಕಿಲೋಮೀಟರ್, ಬೆಂಗಳೂರಿನಿಂದ ಬೆಳಗಾವಿಯಷ್ಟು ದೂರ. 2005ರ ಆರಂಭದಲ್ಲಿ ಕ್ಯಾಸಿನಿ ಹತ್ತಿರದಿಂದ ಹಾದಾಗ ಶನಿಯ ಕಾಂತಕ್ಷೇತ್ರ ಅದರ ಸುತ್ತ ಬಾಗಿದ್ದು ಕಂಡಿತು. ಅಲ್ಲಿ ಅನಿಲವೇನೋ ಇರಬೇಕೆಂದು ಮಿಶೆಲ್ ಡೌರ್ಟಿ ಅವರ ಕಾಂತಮಾಪಕ ತಂಡ, ಮುಂದಿನ ಬಾರಿ ಇನ್ನೂ ಹತ್ತಿರ ಹೋಗಲು ಒತ್ತಾಯಿಸಿತು. ಜುಲೈ 14ರಂದು ನೌಕೆ ಸುಮಾರು 173 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಯಿತು. ಅತಿ ತಣ್ಣಗಿರಬೇಕಾದ ದಕ್ಷಿಣಧ್ರುವವೇ ಬೆಚ್ಚಗಿತ್ತು. ಅಲ್ಲಿ ಸುಮಾರು 130 ಕಿಲೋಮೀಟರ್ ಉದ್ದದ ನಾಲ್ಕು ಬಿರುಕುಗಳು ಸಮಾನಾಂತರವಾಗಿ ಮಲಗಿದ್ದವು. ಹುಲಿಪಟ್ಟೆಗಳೆಂದು ಕರೆಯಲಾದ ಇವುಗಳಿಂದ ನೀರಾವಿ ಮತ್ತು ಹಿಮದ ಕಣಗಳು ಚಿಮ್ಮುತ್ತಿರುವುದು ನವೆಂಬರ್‌ನ ಚಿತ್ರಗಳಲ್ಲಿ ಸ್ಪಷ್ಟವಾಯಿತು. ಶನಿಯ ‘ಇ’ ಉಂಗುರ ಈ ಕಣಗಳಿಂದಲೇ ಆದದ್ದು.

ಮಂಜನ್ನು ಕೊರೆಯದೆ ಸಾಗರದ ಮಾದರಿ ಸಿಕ್ಕಂತಾಯಿತು. 2009ರಲ್ಲಿ ಈ ಕಣಗಳಲ್ಲಿ ಸೋಡಿಯಂ ಲವಣಗಳು ಪತ್ತೆಯಾದವು. 2015ರಲ್ಲಿ, ಉಪಗ್ರಹದ ತೂಗಾಟವನ್ನು ಅಳೆದು, ಸಾಗರ ಇಡೀ ಗೋಳವನ್ನು ಆವರಿಸಿದೆಯೆಂದು ತೋರಿಸಲಾಯಿತು. ಅದೇ ವರ್ಷ ವರದಿಯಾದ ಸಿಲಿಕಾದ ಅತಿಸೂಕ್ಷ್ಮ ಕಣಗಳಿಗೆ ಕೊಟ್ಟ ವಿವರಣೆಯೆಂದರೆ, ಸಾಗರತಳದಲ್ಲಿ ನೀರು 90 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದಿರಬೇಕು ಎಂಬುದು. 2017ರಲ್ಲಿ ಜಲಜನಕ ಅನಿಲ, ಮರುವರ್ಷ ದೊಡ್ಡ ಇಂಗಾಲದ ಅಣುಗಳು, 2023ರಲ್ಲಿ ಫ್ರಾಂಕ್ ಪೋಸ್ಟ್‌ಬರ್ಗ್ ಮತ್ತು ಸಂಗಡಿಗರ ವಿಶ್ಲೇಷಣೆಯಿಂದ ಫಾಸ್ಫೇಟ್ ವರದಿಯಾದವು. ಡಿಎನ್‌ಎ ಕಟ್ಟಲು ರಂಜಕ ಬೇಕೇಬೇಕು. ಅಲ್ಲಿಯವರೆಗೆ ದೊಡ್ಡ ಕೊರತೆಯಾಗಿ ಕಂಡದ್ದು ಅದೇ.

ಜಲಜನಕದ ಸಂಗತಿ ಎರಡು ಬಾಯಿಯ ಕತ್ತಿ. ಇಂಗಾಲದ ಡೈಆಕ್ಸೈಡ್ ಮತ್ತು ಜಲಜನಕವನ್ನು ಸೇರಿಸಿ ಮೀಥೇನ್ ಮಾಡಿ ಬದುಕುವ ಸೂಕ್ಷ್ಮಜೀವಿಗಳು ಭೂಮಿಯಲ್ಲಿವೆ. ಎನ್ಸೆಲಡಸ್‌ನ ಚಿಲುಮೆಯಲ್ಲಿ ಈ ಮೂರೂ ಇವೆ. ಆದರೆ ಜಲಜನಕ ಅಷ್ಟು ಉಳಿದಿರುವುದೇ ಅದನ್ನು ತಿನ್ನುವವರಿಲ್ಲ ಎಂಬುದರ ಗುರುತೂ ಆಗಬಹುದು. ಜೀವಿಗಳಿಲ್ಲದೆಯೂ ನೀರು ಮತ್ತು ಶಿಲೆಯ ಸಂಪರ್ಕದಿಂದ ಮೀಥೇನ್ ಹುಟ್ಟುತ್ತದೆ. ಈ ಉಪಗ್ರಹ ಕೇವಲ ಸುಮಾರು 10 ಕೋಟಿ ವರ್ಷ ಹಳೆಯದಿರಬಹುದೆಂಬ ವಾದವೂ ಇದೆ. ಅದು ನಿಜವಾದರೆ ಜೀವ ಹುಟ್ಟಲು ಅಷ್ಟು ಕಾಲ ಸಾಕೇ ಎಂಬ ಪ್ರಶ್ನೆ ಏಳುತ್ತದೆ.

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಜ್ಯೂಸ್ ನೌಕೆ 2023ರ ಏಪ್ರಿಲ್‌ನಲ್ಲಿ ಹೊರಟಿದ್ದು, 2031ರಲ್ಲಿ ಗುರುವನ್ನು ತಲುಪಿ ಬಳಿಕ ಗ್ಯಾನಿಮೀಡನ್ನು ಸುತ್ತಬೇಕು. 2024ರ ಅಕ್ಟೋಬರ್ 14ರಂದು ಹಾರಿದ ನಾಸಾದ ಯೂರೋಪಾ ಕ್ಲಿಪ್ಪರ್ 2030ರಲ್ಲಿ ಗುರುವಿನ ಕಕ್ಷೆ ಸೇರಿ, ಯೂರೋಪಾವನ್ನು 49 ಬಾರಿ ಹತ್ತಿರದಿಂದ ಹಾದುಹೋಗುವ ಯೋಜನೆಯಿದೆ. ಇವೆರಡೂ ಜೀವಿಗಳನ್ನು ನೇರವಾಗಿ ಹುಡುಕುವುದಿಲ್ಲ, ಅಲ್ಲಿ ಬದುಕಲು ತಕ್ಕ ಪರಿಸ್ಥಿತಿ ಇದೆಯೇ ಎಂದಷ್ಟೇ ಪರೀಕ್ಷಿಸುತ್ತವೆ. ಈವರೆಗೆ ಯಾವ ಹಿಮ ಉಪಗ್ರಹದಲ್ಲಿಯೂ ಜೀವಿ ಪತ್ತೆಯಾಗಿಲ್ಲ. ಸಾಗರದ ನೀರನ್ನು ತಾನಾಗಿ ಹೊರಕ್ಕೆ ಎಸೆಯುತ್ತಿರುವ ಎನ್ಸೆಲಡಸ್‌ಗೆ, ಜೀವವನ್ನೇ ಗುರುತಿಸಬಲ್ಲ ಉಪಕರಣಗಳ ನೌಕೆಯೊಂದು ಮೊದಲು ಹೋಗಬೇಕು. ಐರೋಪ್ಯ ಸಂಸ್ಥೆಯ ತಜ್ಞರ ಸಮಿತಿ 2024ರಲ್ಲಿ ಮಾಡಿದ ಶಿಫಾರಸೂ ಎನ್ಸೆಲಡಸ್ಸಿನ ಪರವಾಗಿಯೇ ಇತ್ತು.